ಈ ಮಳೆಗಾಲಕ್ಕೆ ಯಾವ ನಾಯಕಿ? ಫ್ಯಾಂಟಸಿ ಕಾದಂಬರಿ ಆರಿಸುವವರಿಗೆ ಒಂದು ಹೋಲಿಕೆ

ನಮ್ಮ ಜಗಲಿಯಲ್ಲಿ ಎರಡು ಬೀರು ಪುಸ್ತಕಗಳಿವೆ. ಗೋಣಿಕೊಪ್ಪಲಿನ ಸಂತೆಗೆ ಬಂದವರು, ಬಸ್ಸು ತಪ್ಪಿಸಿಕೊಂಡವರು, ಕಾಲೇಜು ಬಿಟ್ಟು ಮನೆಗೆ ಹೊರಟ ಮಕ್ಕಳು ಒಂದೊಂದು ಎತ್ತಿಕೊಂಡು ಹೋಗುತ್ತಾರೆ. ಬಾಡಿಗೆ ಇಲ್ಲ, ನೋಟ್‌ಬುಕ್ಕಿನಲ್ಲಿ ಹೆಸರು ಬರೆದರೆ ಸಾಕು. ಆ ನೋಟ್‌ಬುಕ್ಕನ್ನು ತಿರುವಿದರೆ ಒಂದು ವಿಚಿತ್ರ ಕಾಣುತ್ತದೆ: ಫ್ಯಾಂಟಸಿ ಸರಣಿಗಳ ಮೊದಲ ಸಂಪುಟ ಹೋದಷ್ಟು ಸಲ ಎರಡನೆಯದು ಹೋಗಿಲ್ಲ, ಮೂರನೆಯದು ಬೀರುವಿನಿಂದ ಇಳಿದೇ ಇಲ್ಲ.

ಈ ಬೇಸಿಗೆಯಲ್ಲಿ ಮೂವರು ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳಿದರು. ಪಿಯುಸಿ ಓದುತ್ತಿರುವ ಹುಡುಗಿ, "ಅಕ್ಕ, ಮೊದಲನೆಯದನ್ನು ಒಂದೇ ರಾತ್ರಿಯಲ್ಲಿ ಮುಗಿಸಿದೆ. ಮೂರನೆಯದು ಮೂರು ತಿಂಗಳಿಂದ ತಲೆದಿಂಬಿನ ಕೆಳಗಿದೆ, ತೆರೆಯಲು ಮನಸ್ಸೇ ಬರುವುದಿಲ್ಲ" ಎಂದಳು. ತೋಟ ನೋಡಿಕೊಳ್ಳುವ, ಐವತ್ತು ದಾಟಿದ ನೆರೆಮನೆಯವರು, "ಹದಿನೇಳರ ಹುಡುಗಿಯರೇ ಲೋಕ ಉಳಿಸುವುದನ್ನು ಓದಿ ಸಾಕಾಯಿತು. ಮಂಡಿ ನೋಯುವವಳು ಒಬ್ಬಳಾದರೂ ಇಲ್ಲವೇ?" ಎಂದರು. ವಿರಾಜಪೇಟೆ ಕಡೆಯ ಶಾಲೆಯ ಮೇಷ್ಟರಿಗೆ ಇಂಗ್ಲಿಷ್ ಓದು ನಿಧಾನ, ವರ್ಷಕ್ಕೆ ಒಂದೇ ಪುಸ್ತಕ ಕೊಳ್ಳುವ ಶಕ್ತಿ. "ಕೊಂಡರೆ ಕೊನೆಯವರೆಗೂ ಓದುವಂತಿರಬೇಕು, ಯಾವುದು ಹೇಳಿ" ಎಂದರು. ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಅದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಹೇಳುವ ಪುಸ್ತಕಗಳೆಲ್ಲ ಇಂಗ್ಲಿಷಿನವು, ನಾನು ಓದಿದ್ದೂ ಇಂಗ್ಲಿಷಿನಲ್ಲಿಯೇ.

ಮೊದಲು ಅಳತೆಗೋಲು

ನಾನೂ ಏಮಾರಿದವಳೇ. ಕೆಲವು ವರ್ಷಗಳ ಹಿಂದೆ ಒಂದು ಸರಣಿಯ ಆರೂ ಸಂಪುಟಗಳನ್ನು ಒಟ್ಟಿಗೆ ತರಿಸಿದೆ. ಹೆಸರು ಬೇಡ. ಮೊದಲ ಸಂಪುಟದಲ್ಲಿ ನಾಯಕಿ ಕಮ್ಮಾರನ ಮಗಳು. ಕಬ್ಬಿಣ ಕಾದ ಬಣ್ಣ ನೋಡಿಯೇ ಅದರ ಹದ ಹೇಳುವವಳು. ಅವಳ ಒರಟು ಕೈಗಳ ಮೇಲೆ ನನಗೆ ಪ್ರೀತಿ ಹುಟ್ಟಿತು. ಎರಡನೆಯದರಲ್ಲಿ ಅವಳು ಕಮ್ಮಾರನ ಮಗಳೇ ಅಲ್ಲ, ಕಳೆದುಹೋದ ರಾಜಕುಮಾರಿ ಎಂದು ಗೊತ್ತಾಯಿತು. ಮೂರನೆಯದರಲ್ಲಿ ಇಬ್ಬರು ರಾಜಕುಮಾರರ ನಡುವೆ ಯಾರನ್ನು ಆರಿಸಲಿ ಎಂದು ಮುನ್ನೂರು ಪುಟ ಕೊರಗಿದಳು. ಕುಲುಮೆ ಎಲ್ಲಿ ಹೋಯಿತೋ! ಉಳಿದ ಮೂರು ಸಂಪುಟಗಳನ್ನು ಆ ವರ್ಷದ ಕಕ್ಕಡ ತಿಂಗಳ ಜಡಿಮಳೆಯ ಬೂಷ್ಟು ಓದಿ ಮುಗಿಸಿತು.

ಹಾಗಾಗಿ "ವಿಭಿನ್ನ ನಾಯಕಿ" ಎಂಬ ಮಾತನ್ನು ಹಿಂಬದಿಯ ರಕ್ಷಾಪುಟದಲ್ಲಿ ಕಂಡರೆ ನಾನು ಮರುಳಾಗುವುದಿಲ್ಲ. ಬಹಳ ಸಲ ಅದರ ಅರ್ಥ, ಅವಳ ಕೈಯಲ್ಲಿ ಕತ್ತಿ ಇದೆ, ನಾಲಿಗೆ ಚುರುಕಾಗಿದೆ ಎಂದಷ್ಟೇ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಕೋವಿ ಹಾರಿಸುವ ಹೆಂಗಸರನ್ನು ನೋಡಿ ಬೆಳೆದ ಊರಿನವರಿಗೆ ಆಯುಧ ಹಿಡಿದ ಹೆಣ್ಣು ಯಾವ ದೊಡ್ಡ ಸುದ್ದಿ?

ನನ್ನ ಅಳತೆಗೋಲು ಇಲ್ಲಿಯದೇ. ಕಾವೇರಿ ಅಗಸ್ತ್ಯನನ್ನು ಮದುವೆಯಾಗುವಾಗ ಒಂದು ಷರತ್ತು ಹಾಕಿದಳಂತೆ: ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಅವನು ಅವಳನ್ನು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದ. ಅವಳು ಹರಿದು ಹೊರಟುಬಿಟ್ಟಳು. ಬಲಮುರಿಯಲ್ಲಿ ಜನ ತಡೆಯಲು ಹೋದಾಗ ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು, ಕೊಡವ ಸೀರೆಯ ನೆರಿಗೆ ಬೆನ್ನಿಗಿರುವುದು ಅದಕ್ಕೇ ಎನ್ನುತ್ತಾರೆ. ಈ ಕತೆಯಲ್ಲಿ ಯುದ್ಧವಿಲ್ಲ, ಶಾಪವಿಲ್ಲ. ಒಬ್ಬಳಿಗೆ ತನ್ನದೇ ಒಂದು ಷರತ್ತಿತ್ತು, ಅದು ಮುರಿದಾಗ ಸುಮ್ಮನೆ ಕೂರಲಿಲ್ಲ, ಅಷ್ಟೇ. ತುಲಾ ಸಂಕ್ರಮಣಕ್ಕೆ ಇಂದಿಗೂ ಜನ ತಲಕಾವೇರಿಯಲ್ಲಿ ಸೇರುತ್ತಾರೆ.

ಆದ್ದರಿಂದ ಮೊದಲ ಪ್ರಶ್ನೆ: ಈ ನಾಯಕಿಯ ಷರತ್ತು ಏನು, ಅದು ಕೊನೆಯ ಪುಟದವರೆಗೂ ಉಳಿಯುತ್ತದೆಯೇ? ಲೇಖಕರು ಅದನ್ನು ಮರೆತ ಕಡೆಯೇ ಓದುಗರಿಗೆ ಆಕಳಿಕೆ ಬರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಎರಡನೆಯದು, ಅವಳಿಗೆ ಗೊತ್ತಿರುವ ಕೆಲಸ ಯಾವುದು, ಕತೆಯ ಗಂಟು ಬಿಚ್ಚುವುದು ಆ ಕೆಲಸದಿಂದಲೋ, ಹುಟ್ಟಿನಿಂದ ಬಂದ ಯಾವುದೋ ಶಕ್ತಿಯಿಂದಲೋ? ಮೂರನೆಯದು ವ್ಯವಹಾರದ್ದು: ಮೊದಲ ಸಂಪುಟಕ್ಕೆ ತನ್ನದೇ ಮುಕ್ತಾಯ ಇದೆಯೇ, ಇಲ್ಲವೇ ಸಾಲದ ಕಂತಿನ ಹಾಗೆ ಮುಂದಿನದನ್ನು ಕೊಳ್ಳಲೇಬೇಕೇ? ಕೊನೆಯದಾಗಿ, ಭಾಷೆ ಎಷ್ಟು ಕಷ್ಟ, ಓದು ಎಲ್ಲಿ ಕುಂಟುತ್ತದೆ. ಕುಂಟದ ಪುಸ್ತಕವಿಲ್ಲ. ಎಲ್ಲಿ ಕುಂಟುತ್ತದೆ ಎಂದು ಮೊದಲೇ ಗೊತ್ತಿದ್ದರೆ ದಾಟಬಹುದು.

ಮುದುಕಿಯಾದ ಮೇಲೆ ಧೈರ್ಯ ಬಂದವಳು

ಡಯಾನಾ ವಿನ್ ಜೋನ್ಸ್ 1986ರಲ್ಲಿ ಬರೆದ "ಹೌಲ್ಸ್ ಮೂವಿಂಗ್ ಕ್ಯಾಸಲ್" ಹೊಸಬರಿಗೆ ನಾನು ಮೊದಲು ಕೊಡುವ ಪುಸ್ತಕ. ಸೋಫಿ ಮೂವರು ಅಕ್ಕತಂಗಿಯರಲ್ಲಿ ಹಿರಿಯಳು. ಅವಳ ನಾಡಿನಲ್ಲಿ ಹಿರಿಯಳಾಗಿ ಹುಟ್ಟುವುದೇ ದುರದೃಷ್ಟ. ಅದೃಷ್ಟ ಅರಸಿ ಹೊರಟರೆ ಮೊದಲು ಸೋಲುವವಳು ಅವಳೇ. ಹಾಗೆಂದು ನಂಬಿ ಟೋಪಿ ಅಂಗಡಿಯ ಮೂಲೆಯಲ್ಲಿ ಹೊಲಿಯುತ್ತಾ ಕುಳಿತವಳನ್ನು ಒಬ್ಬ ಮಾಟಗಾತಿ ಮುದುಕಿಯನ್ನಾಗಿ ಮಾಡುತ್ತಾಳೆ. ಶಾಪವೆಂದುಕೊಂಡದ್ದು ವರವಾಗುತ್ತದೆ. ಮುದುಕಿಗೆ ಯಾರ ಹಂಗು? ಮಂತ್ರವಾದಿಯ ಮನೆಗೆ ನುಗ್ಗಿ, ಕಸ ಗುಡಿಸಿ, ಒಲೆಯಲ್ಲಿರುವ ಬೆಂಕಿಯ ಭೂತದೊಡನೆ ಒಪ್ಪಂದ ಮಾಡಿಕೊಂಡು, ಯಜಮಾನನನ್ನೇ ಗದರುತ್ತಾಳೆ. ನಮ್ಮಲ್ಲಿ ಮನೆಮನೆಗೂ ಇಂಥ ಒಬ್ಬ ಅಜ್ಜಿ ಇರುವುದರಿಂದ ಓದುವಾಗ ನಗು ತಡೆಯುವುದು ಕಷ್ಟ.

ಒಂದೇ ಸಂಪುಟದಲ್ಲಿ ಕತೆ ಮುಗಿಯುತ್ತದೆ. 1990ರಲ್ಲಿ ಮತ್ತು 2008ರಲ್ಲಿ ಬಂದ ಎರಡು ಜೊತೆ ಪುಸ್ತಕಗಳಿವೆ, ಅವುಗಳಲ್ಲಿ ನಾಯಕರು ಬೇರೆ, ಕೊಳ್ಳಲೇಬೇಕೆಂದಿಲ್ಲ. ಇಂಗ್ಲಿಷ್ ತಿಳಿ. ದೋಷವೆಂದರೆ ಕೊನೆಯ ಐವತ್ತು ಪುಟ: ಯಾರು ಯಾರ ವೇಷದಲ್ಲಿದ್ದರು ಎಂಬ ಗಂಟುಗಳೆಲ್ಲ ಅವಸರದಲ್ಲಿ ಬಿಚ್ಚಿಕೊಳ್ಳುತ್ತವೆ, ನಾನು ಎರಡು ಸಲ ಹಿಂದಿರುಗಿ ಓದಬೇಕಾಯಿತು. ಜಪಾನಿನ ನಿರ್ದೇಶಕ ಮಿಯಾಜಾಕಿಯ 2004ರ ಚಲನಚಿತ್ರ ನೋಡಿದವರು ಅದೇ ಕತೆ ಇರುತ್ತದೆಂದು ಕಾಯಬೇಡಿ. ಅಲ್ಲಿ ತುಂಬಿಕೊಂಡಿರುವ ಯುದ್ಧ ಇಲ್ಲಿ ಇಲ್ಲವೆಂಬಷ್ಟು ಕಡಿಮೆ.

ಬಾಣಲೆ ಹಿಡಿದ ಒಂಬತ್ತರ ಹುಡುಗಿ

ಟೆರ್ರಿ ಪ್ರಾಟ್ಚೆಟ್‌ನ "ದ ವೀ ಫ್ರೀ ಮೆನ್" 2003ರದು. ಟಿಫನಿಗೆ ಒಂಬತ್ತು ವರ್ಷ, ಗಿಣ್ಣು ಮಾಡುವುದರಲ್ಲಿ ಪಳಗಿದ ಕೈ. ತಟ್ಟೆಯಷ್ಟು ದೊಡ್ಡ ಕಣ್ಣಿನ ನೀರುಭೂತವನ್ನು ಕಂಡಾಗ ಹೆದರಿ ಓಡುವ ಮೊದಲು ಮನೆಗೆ ಹೋಗಿ ಸೂಪಿನ ತಟ್ಟೆಯ ಅಗಲ ಅಳೆಯುತ್ತಾಳೆ: ಎಂಟು ಅಂಗುಲ. ಆಮೇಲೆ ತನ್ನ ಪುಟ್ಟ ತಮ್ಮನನ್ನೇ ಎರೆಯಾಗಿ ಕೂರಿಸಿ, ಭೂತ ಮೇಲೆದ್ದಾಗ ಬಾಣಲೆಯಲ್ಲಿ ಬಾರಿಸುತ್ತಾಳೆ. ಒಳ್ಳೆಯ ಹುಡುಗಿ ಹಾಗೆ ಮಾಡುತ್ತಾಳೆಯೇ ಎಂದು ಕೇಳುವವರಿಗೆ ಈ ಪುಸ್ತಕ ಅಲ್ಲ.

ಷರತ್ತಿನ ಪರೀಕ್ಷೆಯಲ್ಲಿ ಇಡೀ ಪಟ್ಟಿಯಲ್ಲಿ ಹೆಚ್ಚು ಅಂಕ ಇವಳಿಗೇ. "ಇದು ನನ್ನ ನೆಲ, ಇವನು ನನ್ನ ತಮ್ಮ, ಕಣ್ಣಿಗೆ ಕಂಡದ್ದನ್ನು ಕಂಡಂತೆ ನೋಡುತ್ತೇನೆ" ಎಂಬ ಹಟವನ್ನು ಐದು ಸಂಪುಟಗಳ ಉದ್ದಕ್ಕೂ ಬಿಡುವುದಿಲ್ಲ. ಅವಳೊಡನೆ ಪುಸ್ತಕಗಳೂ ದೊಡ್ಡವಾಗುತ್ತವೆ; 2010ರ ನಾಲ್ಕನೆಯದು ಮಕ್ಕಳ ಪುಸ್ತಕವೆಂದು ಹೇಳಲಾಗದಷ್ಟು ಕತ್ತಲಿನದು. ಐದನೆಯದು 2015ರಲ್ಲಿ ಲೇಖಕ ತೀರಿಕೊಂಡ ಮೇಲೆ ಬಂತು, ತೆಳುವಾಗಿದೆ, ಆದರೂ ನಾನು ಅತ್ತೆ. ಪ್ರತಿಯೊಂದಕ್ಕೂ ತನ್ನದೇ ಕೊನೆ ಇರುವುದರಿಂದ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಸತ್ತುಹೋದ ಕುರಿಗಾಹಿ ಅಜ್ಜಿಯ ನೆನಪು ಮೊದಲ ಪುಸ್ತಕದ ಉದ್ದಕ್ಕೂ ತಂಬಾಕಿನ ಹೊಗೆಯ ಹಾಗೆ ಹರಡಿದೆ. ಅಜ್ಜಿಯ ಕೈಯಲ್ಲಿ ಬೆಳೆದವರು ಎರಡು ಕಡೆಯಾದರೂ ಪುಸ್ತಕ ಮುಚ್ಚಿಟ್ಟು ಕಿಟಕಿಯಾಚೆ ನೋಡುತ್ತಾರೆ.

ಕಷ್ಟ ಭಾಷೆಯದು. ಕುಡಿದು ಹೊಡೆದಾಡುವ ನೀಲಿ ಬಣ್ಣದ ಚೋಟುದ್ದದ ಗಂಡಸರು ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಕಿರುಚುತ್ತಾರೆ. ಮೇಷ್ಟರಿಗೆ ಇದನ್ನು ಕೊಟ್ಟು ತಪ್ಪು ಮಾಡಿದೆ. ಮೂರನೆಯ ಅಧ್ಯಾಯದಲ್ಲಿ ಹಿಂತಿರುಗಿಸಿದರು. ಗಟ್ಟಿಯಾಗಿ ಓದಿಕೊಂಡರೆ, ಅಥವಾ ಧ್ವನಿಪುಸ್ತಕ ಕೇಳಿದರೆ, ಅರ್ಧಕ್ಕರ್ಧ ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಕಡೆಯ ಆಡುಮಾತಾದ ಅರೆಭಾಷೆಯನ್ನು ಅಕ್ಷರದಲ್ಲಿ ನೋಡಿ ತಬ್ಬಿಬ್ಬಾಗುವವರು ಕಿವಿಗೆ ಬಿದ್ದರೆ ನಗುವುದಿಲ್ಲವೇ, ಹಾಗೆ.

ಒಬ್ಬಳೇ ನಾಯಕಿ, ಎರಡು ವಯಸ್ಸು

ಆಸಕ್ತಿ ಹುಟ್ಟುವುದು, ಹೋಗುವುದು, ಮತ್ತೆ ಹುಟ್ಟುವುದು ಇವನ್ನೆಲ್ಲ ಒಬ್ಬಳೇ ನಾಯಕಿಯ ಮೂಲಕ ನೋಡಬೇಕಾದರೆ ಅರ್ಸುಲಾ ಲೆ ಗ್ವಿನ್‌ಳ ಟೆನಾರ್‌ಳನ್ನು ನೋಡಬೇಕು. ಅರ್ಥ್‌ಸೀ ಸರಣಿಯ ಎರಡನೆಯದಾದ, 1971ರ "ದ ಟೂಂಬ್ಸ್ ಆಫ್ ಅಟುವಾನ್" ಕಾದಂಬರಿಯಲ್ಲಿ ಪುಟ್ಟ ಮಗುವನ್ನು ತಂದೆತಾಯಿಯಿಂದ ಬಿಡಿಸಿ, ಸತ್ತ ಅರ್ಚಕಿಯ ಮರುಹುಟ್ಟು ಎಂದು ಗೋರಿಗಳ ನಡುವೆ ಬೆಳೆಸುತ್ತಾರೆ. ಹೆಸರನ್ನೂ ಕಿತ್ತುಕೊಳ್ಳುತ್ತಾರೆ. ನೆಲದಡಿಯ ಚಕ್ರವ್ಯೂಹದಲ್ಲಿ ದೀಪವಿಲ್ಲದೆ ಕೈಯಾಡಿಸಿ ದಾರಿ ಕಲಿಯುತ್ತಾಳೆ. ಪುಟ್ಟ ಪುಸ್ತಕ, ಒಂದು ಮಾತು ಹೆಚ್ಚಿಲ್ಲ. ಮೊದಲರ್ಧದಲ್ಲಿ ವಿಧಿ, ಮೌನ, ಕತ್ತಲೆ ಬಿಟ್ಟರೆ ಏನೂ ನಡೆಯುವುದಿಲ್ಲ. ಅಲ್ಲಿ ತಾಳಿಕೊಂಡರೆ ಉಳಿದದ್ದು ಉಸಿರು ಬಿಗಿಹಿಡಿಸುತ್ತದೆ.

ಈ ಸರಣಿಯ ಮೂರನೆಯದು 1972ರಲ್ಲಿ ಬಂತು. ನಾಲ್ಕನೆಯದಾದ "ತೆಹಾನು" ಬರಲು 1990 ಆಯಿತು. ಅಷ್ಟರಲ್ಲಿ ಟೆನಾರ್ ಮದುವೆಯಾಗಿ, ಮಕ್ಕಳನ್ನು ಬೆಳೆಸಿ, ರೈತನ ವಿಧವೆಯಾಗಿದ್ದಾಳೆ. ಸುಟ್ಟ ಗಾಯಗಳ ಒಂದು ಮಗುವನ್ನು ಸಾಕುತ್ತಾಳೆ. ಮಹಾ ಮಾಂತ್ರಿಕ ಶಕ್ತಿ ಕಳೆದುಕೊಂಡು ಅವಳ ಬಳಿ ಬರುತ್ತಾನೆ. ಮೊದಲ ಮೂರರ ಸಾಹಸ ಬಯಸಿ ಬಂದವರಿಗೆ ಇಲ್ಲಿ ಸಿಗುವುದು ಪಾತ್ರೆ ತೊಳೆಯುವುದು, ಮೇಕೆ ಕಾಯುವುದು, ರಾತ್ರಿ ಬಾಗಿಲಿಗೆ ಚಿಲಕ ಭದ್ರವಾಗಿದೆಯೇ ಎಂಬ ಭಯ. ನಾನು ಇಪ್ಪತ್ತೈದರಲ್ಲಿ ಇದನ್ನು ಅರ್ಧಕ್ಕೆ ಎಸೆದಿದ್ದೆ. ನಲವತ್ತೆರಡರಲ್ಲಿ, ಅತ್ತೆಯ ಆರೈಕೆಗೆಂದು ಮಡಿಕೇರಿಯ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಓದಿದಾಗ, ಇದೊಂದೇ ಸರಣಿಯ ನಿಜವಾದ ಸಾಹಸ ಎನಿಸಿತು. ಪುಸ್ತಕ ಬದಲಾಗಿರಲಿಲ್ಲ. ಆದ್ದರಿಂದ ಮೂವತ್ತರೊಳಗಿನವರಿಗೆ ಎರಡನೆಯ ಸಂಪುಟ ಮಾತ್ರ ಕೊಡುತ್ತೇನೆ, ನಾಲ್ಕನೆಯದನ್ನು ಕೇಳಿದರೂ ಕೊಡುವುದಿಲ್ಲ. ಯಜಮಾನಿಕೆ ಎನ್ನಿ, ಬೇಸರವಿಲ್ಲ.

ಮಂಡಿ ನೋಯುವವರಿಗಾಗಿ

ನೆರೆಮನೆಯವರ ಪ್ರಶ್ನೆಗೆ ಎರಡು ಉತ್ತರಗಳಿದ್ದವು.

ಒಂದು, ಶ್ಯಾನನ್ ಚಕ್ರವರ್ತಿಯ "ದ ಅಡ್ವೆಂಚರ್ಸ್ ಆಫ್ ಅಮೀನಾ ಅಲ್-ಸಿರಾಫಿ" (2023). ಅಮೀನಾ ನಿವೃತ್ತ ಕಡಲುಗಳ್ಳಿ. ಮಂಡಿ ನಿಜಕ್ಕೂ ನೋಯುತ್ತದೆ. ಮಗಳೊಬ್ಬಳಿದ್ದಾಳೆ, ಸೋರುವ ಮನೆಯಿದೆ. ಕಾಣೆಯಾದ ಮೊಮ್ಮಗಳನ್ನು ಹುಡುಕಿಕೊಡಲು ಒಬ್ಬ ಶ್ರೀಮಂತ ಮುದುಕಿ ಬಂದು ಹಣದ ಆಸೆ, ಬೆದರಿಕೆ ಎರಡನ್ನೂ ಮುಂದಿಡುತ್ತಾಳೆ. ಕತೆ ಹನ್ನೆರಡನೆಯ ಶತಮಾನದ ಅರಬ್ಬಿ ಸಮುದ್ರದ್ದು, ಅದನ್ ಬಂದರು, ಸೊಕೋಟ್ರಾ ದ್ವೀಪ. ನಮ್ಮ ಬೆಟ್ಟಗಳ ಆಚೆಗಿನ ಕರಾವಳಿಯ ಕರಿಮೆಣಸು ಹೋಗುತ್ತಿದ್ದ ಅದೇ ನೀರು ಎಂದುಕೊಂಡರೆ ಓದು ಇನ್ನಷ್ಟು ಹತ್ತಿರವಾಗುತ್ತದೆ. ಅವಳ ಷರತ್ತು ಮಗಳ ಬಳಿಗೆ ಮರಳುವುದು. ಕಷ್ಟವೆಂದರೆ ಸಮುದ್ರವನ್ನು ಕಂಡೊಡನೆ ಆ ಷರತ್ತು ಅವಳಿಗೇ ಭಾರವಾಗುತ್ತದೆ, ಅದನ್ನು ಅವಳು ಮುಚ್ಚಿಡುವುದಿಲ್ಲ. ಓಟ ಚೆನ್ನಾಗಿದೆ, ಹಾಸ್ಯವಿದೆ. ನಡುವೆ ಹಳೆಯ ಸಂಗಡಿಗರನ್ನು ಒಬ್ಬೊಬ್ಬರಾಗಿ ಕೂಡಿಸುವ ಭಾಗ ಸ್ವಲ್ಪ ಎಳೆದಂತಿದೆ. ಇದು ಸರಣಿಯ ಮೊದಲ ಕಂತು, ಆದರೆ ಹಿಡಿದ ಕೆಲಸ ಇದರಲ್ಲೇ ಮುಗಿಯುತ್ತದೆ.

ಇನ್ನೊಂದು, ನನ್ನ ಪ್ರಕಾರ ಈ ಇಡೀ ಪಟ್ಟಿಯ ಅತ್ಯುತ್ತಮ ಪುಸ್ತಕ, ಆದರೆ ಎಲ್ಲರಿಗೂ ಹೇಳಲಾಗದ ಪುಸ್ತಕ: ಲೂಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್‌ಳ "ಪ್ಯಾಲಡಿನ್ ಆಫ್ ಸೋಲ್ಸ್" (2003). ಹ್ಯೂಗೊ, ನೆಬ್ಯುಲಾ ಎರಡೂ ಪ್ರಶಸ್ತಿ ಪಡೆದದ್ದು. ಇಸ್ಟಾ ನಲವತ್ತರ ಆಸುಪಾಸಿನ ರಾಜವಿಧವೆ. ಮಗ ಸತ್ತಿದ್ದಾನೆ, ಮಗಳು ರಾಣಿಯಾಗಿ ದೂರದಲ್ಲಿದ್ದಾಳೆ. ಒಂದು ಕಾಲದಲ್ಲಿ ಇವಳಿಗೆ ಹುಚ್ಚು ಎಂದು ಎಲ್ಲರೂ ನಂಬಿದ್ದರಿಂದ ಈಗಲೂ ಅಕ್ಕರೆಯ ಹೆಸರಿನಲ್ಲಿ ಕಾವಲು. ತಾಯಿಯ ಉತ್ತರಕ್ರಿಯೆ ಮುಗಿದ ಮೇಲೆ ಕೋಟೆಯ ಬಾಗಿಲು ದಾಟಿ ಸುಮ್ಮನೆ ರಸ್ತೆಯಲ್ಲಿ ನಡೆಯತೊಡಗುತ್ತಾಳೆ, ಹಿಡಿದು ತರುತ್ತಾರೆ. ಕೊನೆಗೆ ತೀರ್ಥಯಾತ್ರೆಯ ನೆಪ ಮಾಡಿ ಹೊರಡುತ್ತಾಳೆ. ಭಕ್ತಿ ಚೂರೂ ಇಲ್ಲ. ದೇವರುಗಳು ಹಿಂದೊಮ್ಮೆ ತನ್ನನ್ನು ಬಳಸಿಕೊಂಡು ಬಿಟ್ಟಿದ್ದಾರೆ ಎಂಬ ಕೋಪವಿದೆ. ಇನ್ನೊಮ್ಮೆ ಅವರು ಬಂದಾಗ ಅವಳು ಅವರೊಡನೆ ಮಾತನಾಡುವ ರೀತಿ ಓದಿದ ಮೇಲೆ ಕಾವೇರಿಯ ಕತೆ ನೆನಪಾಗದಿದ್ದರೆ ಹೇಳಿ.

ಇದು ನಿಧಾನ. ಮೊದಲ ನೂರು ಪುಟ ದಾರಿಯ ಧೂಳು, ವಸತಿ, ಮಾತು. ಐದು ದೇವರುಗಳ ವ್ಯವಸ್ಥೆ ತಿಳಿಯದೆ ತಡವರಿಸುತ್ತೀರಿ. 2001ರ "ದ ಕರ್ಸ್ ಆಫ್ ಚಾಲಿಯನ್" ಮೊದಲು ಓದಿದರೆ ಸುಲಭ, ಆದರೆ ಅಲ್ಲಿ ನಾಯಕ ಬೇರೆ, ಇಸ್ಟಾ ಬದಿಯ ಪಾತ್ರ. ಎರಡು ಪುಸ್ತಕದ ದುಡ್ಡು. ಒಂದೇ ಕೊಳ್ಳುವುದಾದರೆ ನೇರವಾಗಿ ಇಸ್ಟಾಳನ್ನೇ ಕೊಂಡು, ಅರ್ಥವಾಗದ್ದನ್ನು ದಾಟಿ ಹೋಗಿ.

ನಾನು ಎಚ್ಚರದಿಂದ ಕೊಡುವವು

ಎನ್. ಕೆ. ಜೆಮಿಸಿನ್‌ಳ "ದ ಫಿಫ್ತ್ ಸೀಸನ್" (2015) ಮತ್ತು ಅದರ ಎರಡು ಮುಂದುವರಿಕೆಗಳು 2016, 2017, 2018ರಲ್ಲಿ ಸತತವಾಗಿ ಅತ್ಯುತ್ತಮ ಕಾದಂಬರಿಯ ಹ್ಯೂಗೊ ಪಡೆದವು, ಹಾಗೆ ಯಾರೂ ಮೊದಲು ಪಡೆದಿರಲಿಲ್ಲ. ಎಸ್ಸುನ್ ನಡುವಯಸ್ಸಿನ ತಾಯಿ, ಮಕ್ಕಳಿಗೆ ಪಾಠ ಹೇಳುವವಳು, ನೆಲದ ಕಂಪನವನ್ನು ತಡೆಯಬಲ್ಲ ಶಕ್ತಿಯನ್ನು ಮುಚ್ಚಿಟ್ಟು ಬದುಕಿದವಳು. ಗಂಡ ಮಗನನ್ನು ಕೊಂದು ಮಗಳನ್ನು ಕರೆದುಕೊಂಡು ಹೋಗಿದ್ದಾನೆ, ಅವಳು ಬೆನ್ನಟ್ಟುತ್ತಾಳೆ. ಕತೆಯ ಒಂದು ಎಳೆ "ನೀನು ನಡೆದೆ, ನೀನು ಕಂಡೆ" ಎಂದು ಓದುಗರನ್ನೇ ಕರೆದು ಹೇಳುತ್ತದೆ. ಕೆಲವರಿಗೆ ಅದು ಮೊದಲ ಪುಟದಲ್ಲೇ ಹಿಡಿಸುವುದಿಲ್ಲ. ಮೂರೂ ಸಂಪುಟ ಓದದೆ ಗತಿಯಿಲ್ಲ. ನನ್ನ ಅಡ್ಡಿ ಬೇರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದವು. ಆ ಮಳೆಗಾಲ ಕಳೆದು ಒಂದು ವರ್ಷದ ಮೇಲೆ ಈ ಪುಸ್ತಕ ತೆರೆದೆ, ಭೂಮಿ ಬಾಯ್ದೆರೆಯುವ ಪುಟ ಬಂದಾಗ ಮುಚ್ಚಿದೆ. ಎರಡು ವರ್ಷ ಬಿಟ್ಟು ಬೇಸಿಗೆಯಲ್ಲಿ ಮುಗಿಸಿದೆ. ದೊಡ್ಡ ಪುಸ್ತಕ, ಅನುಮಾನವಿಲ್ಲ. ಮನೆ ಕಳೆದುಕೊಂಡವರ ಕೈಗೆ ಜೂನ್‌ನಲ್ಲಿ ಇಡಬೇಡಿ.

ಆರ್. ಎಫ್. ಕುವಾಂಗ್‌ಳ "ದ ಪಾಪಿ ವಾರ್" (2018) ಶಾಲಾ ಕತೆಯಂತೆ ಆರಂಭವಾಗುತ್ತದೆ: ಬಡ ಅನಾಥೆ ಪರೀಕ್ಷೆ ಗೆದ್ದು ದೊಡ್ಡ ಶಾಲೆ ಸೇರುತ್ತಾಳೆ. ಅದನ್ನು ನೋಡಿ ಎಂಟನೆಯ ತರಗತಿಯ ಮಗುವಿಗೆ ಕೊಡಿಸಿದವರಿದ್ದಾರೆ. ನಂತರ ಬರುವುದು ಚೀನಾದ ನಾನ್‌ಜಿಂಗ್ ನಗರದಲ್ಲಿ ನಡೆದ ಹತ್ಯಾಕಾಂಡದ ನೆರಳಿನ ಯುದ್ಧ. ದೊಡ್ಡವರಿಗೆ ಮಾತ್ರ.

ಕಾಗದವೋ, ಮೊಬೈಲೋ?

ಇದು ಬಯಲುಸೀಮೆಯವರಿಗೆ ರುಚಿಯ ಪ್ರಶ್ನೆ, ನಮಗೆ ತೇವದ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ಪುಸ್ತಕ ಪೊರೆ ಬಿಡುತ್ತದೆ, ಬೂಷ್ಟು ಹಿಡಿಯುತ್ತದೆ. ನಾನು ಬೀರುವಿನೊಳಗೆ ಸಣ್ಣ ಬಲ್ಬು ಉರಿಸುತ್ತೇನೆ. ಕರೆಂಟು ಹೋದಾಗ ಒಲೆಯ ಮೇಲಿನ ಅಟ್ಟವೇ ಗತಿ, ಹೊಗೆಯ ವಾಸನೆ ಉಚಿತ. ಇ-ಪುಸ್ತಕಕ್ಕೆ ಬೂಷ್ಟಿಲ್ಲ, ಬೆಲೆಯೂ ಸಾಮಾನ್ಯವಾಗಿ ಕಡಿಮೆ, ಕಿಂಡಲ್‌ನಲ್ಲಿ ಮೊದಲ ಅಧ್ಯಾಯಗಳ ಮಾದರಿಯನ್ನು ದುಡ್ಡಿಲ್ಲದೆ ಓದಿ ನೋಡಬಹುದು. ಆದರೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ ಮೊಬೈಲಿನ ಕೊನೆಯ ಹತ್ತು ಪರ್ಸೆಂಟನ್ನು ಕಾದಂಬರಿಗೆ ಖರ್ಚು ಮಾಡುವ ಧೈರ್ಯ ಯಾರಿಗಿದೆ? ಧ್ವನಿಪುಸ್ತಕ ಕೇಳುವವರು ನೆಟ್‌ವರ್ಕ್ ಇರುವಾಗಲೇ ಇಳಿಸಿಟ್ಟುಕೊಳ್ಳಿ. ಕಣದಲ್ಲಿ ಮೆಣಸು ಬಿಡಿಸುವಾಗ ಟಿಫನಿಯನ್ನು ಕೇಳಿದಷ್ಟು ಸುಖ ಇನ್ನೊಂದಿಲ್ಲ.

ನಾನು ಮಾಡುವುದು ಹೀಗೆ: ಮೊದಲ ಸಂಪುಟ ಮಾದರಿ ಓದಿ ಇ-ಪುಸ್ತಕ ಕೊಳ್ಳುವುದು, ಎರಡನೆಯ ಸಲ ಓದಬೇಕೆನಿಸಿದರೆ ಮಾತ್ರ ಕಾಗದದ ಪ್ರತಿ. ಸರಣಿಯ ಪೆಟ್ಟಿಗೆಯನ್ನು ರಿಯಾಯಿತಿ ಕಂಡು ಕೊಳ್ಳುವುದನ್ನು ಬಿಟ್ಟಿದ್ದೇನೆ.

ಮೂವರು ಕೊನೆಗೆ ಒಯ್ದದ್ದು

ಪಿಯುಸಿ ಹುಡುಗಿಗೆ, ತಲೆದಿಂಬಿನ ಕೆಳಗಿನದನ್ನು ಮುಗಿಸಬೇಕೆಂಬ ಹಟ ಬಿಡು ಎಂದೆ. ಮೂರನೆಯ ಸಂಪುಟದಲ್ಲಿ ನಾಯಕಿ ತನ್ನ ಷರತ್ತನ್ನು ಮರೆತಿದ್ದರೆ ನಿನ್ನದೇನೂ ತಪ್ಪಿಲ್ಲ. ಅವಳು ಅಟುವಾನ್ ಒಯ್ದಳು. ಇಂಗ್ಲಿಷ್ ಚೆನ್ನಾಗಿದೆ, ಕತ್ತಲೆಗೆ ಹೆದರುವುದಿಲ್ಲ, ಪುಟವೂ ಕಡಿಮೆ. ಅದು ಹಿಡಿಸಿದರೆ ಮುಂದೆ ಟಿಫನಿಯ ಐದೂ ಇವೆ. ಸಾಹಸದ ಓಟವೇ ಬೇಕೆಂದಿದ್ದರೆ ಅಮೀನಾಳನ್ನು ಕೊಡುತ್ತಿದ್ದೆ. ಮೇಷ್ಟರಿಗೆ, ಟಿಫನಿಯ ಸೋಲಿನ ನಂತರ, ಸೋಫಿ. ದಿನಕ್ಕೆ ಐದು ಪುಟದ ಲೆಕ್ಕದಲ್ಲಿ ಎರಡು ತಿಂಗಳಲ್ಲಿ ಮುಗಿಸಿ, ಕೊನೆಯ ಐವತ್ತು ಪುಟಗಳ ಬಗ್ಗೆ ನನ್ನೊಡನೆ ಜಗಳ ಮಾಡಿ, ತಮ್ಮದೇ ಪ್ರತಿ ಕೊಂಡರು.

ನೆರೆಮನೆಯವರಿಗೆ ಅಮೀನಾ, ಇಸ್ಟಾ ಎರಡನ್ನೂ ಮುಂದಿಟ್ಟೆ. ಅಮೀನಾಳನ್ನು ವಾರದಲ್ಲಿ ಮುಗಿಸಿ, "ಚೆನ್ನಾಗಿದೆ" ಎಂದು ವಾಪಸು ಮಾಡಿದರು. ಇಸ್ಟಾಳನ್ನು ಒಯ್ದು ಮೂರು ತಿಂಗಳಾಯಿತು. ಬೇಲಿಯ ಹತ್ತಿರ ಸಿಕ್ಕಾಗ ಕೇಳಿದರೆ, ಮುಗಿದು ಬಹಳ ದಿನವಾಯಿತು, ಈಗ ಎರಡನೆಯ ಸಲ, ಅವಸರ ಮಾಡಬೇಡ ಎನ್ನುತ್ತಾರೆ. ಆದ್ದರಿಂದ ಆ ಪ್ರತಿ ಸುಗ್ಗಿಯ ಪುತ್ತರಿ ಹಬ್ಬದವರೆಗೆ ನಮ್ಮಲ್ಲಿ ಸಿಗುವುದಿಲ್ಲ. ಬೇಕಾದವರು ಮೇ ಮುಗಿಯುವುದರೊಳಗೆ ನಿಮ್ಮದೇ ಒಂದನ್ನು ತರಿಸಿಕೊಳ್ಳಿ. ಆಮೇಲೆ ಮಳೆ ಹಿಡಿದರೆ ಕೊರಿಯರ್ ಹುಡುಗ ನಮ್ಮ ರಸ್ತೆಯ ಕಡೆಗೆ ಬರುವುದಿಲ್ಲ.